ಬಿಲ್ಲಿಗೆ ಒದಗುವ ಮರ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆ ಹೊಲಗಳ ಒಡ್ಡಿನ ಮೇಲೆ ನಿಂತ ಮುಳ್ಳುಮರಗಳನ್ನೆಲ್ಲ ಜಾಲಿ ಎಂದು ಕರೆದು ಮುಂದೆ ಹೋಗುವವರೇ ಹೆಚ್ಚು. ಸ್ವಲ್ಪ ನಿಂತು ನೋಡಬೇಕು. ಕರಿಜಾಲಿಯ ಮುಳ್ಳು ಬೆಳ್ಳಗೆ, ಜೋಡಿಜೋಡಿಯಾಗಿರುತ್ತದೆ. ಹೂವು ಹಳದಿ ಗುಂಡು, ಕಾಯಿಗೆ ಎರಡು ಬೀಜಗಳ ನಡುವೆ ಸೊಂಟ ಕಟ್ಟಿದಂತೆ ಇರುತ್ತದೆ. ಬಳ್ಳಾರಿ ಜಾಲಿಯದು ಉದ್ದನೆಯ ತೆನೆಹೂವು, ಕಾಯಿಗೆ ಅಂಥ ಸೊಂಟವಿಲ್ಲ. ಅದು ಅಮೆರಿಕ ಖಂಡದಿಂದ ಬಂದ ಮರ. ಬನ್ನಿಯ ಮುಳ್ಳು ಗಿಡ್ಡ, ಬುಡದಲ್ಲಿ ಅಗಲ, ಒಂಟಿಯಾಗಿ ಅಲ್ಲಲ್ಲಿ ಚದುರಿರುತ್ತದೆ.

ಪಾಂಡವರು ಗಾಂಡೀವವನ್ನು ಬನ್ನಿಯ ಮೇಲೆ ಬಚ್ಚಿಟ್ಟರೆಂದು ದಸರೆಯಲ್ಲಿ ಅದನ್ನು ಪೂಜಿಸುತ್ತೇವೆ. ಬಿಲ್ಲು ಬಚ್ಚಿಟ್ಟ ಮರದಿಂದಲೇ ಬಿಲ್ಲು ಮಾಡಲಾದೀತೇ? ಆಗಲೇಬೇಕೆಂದೇನೂ ಇಲ್ಲ. ಬಡಿಗೇರರು ಬಂಡಿಯ ಗಾಲಿಗೂ ಕುಂಟೆಗೂ ಮೆಚ್ಚುವ ಕರಿಜಾಲಿಗೂ ಈ ಮಾತು ಸಲ್ಲುತ್ತದೆ. ಪೆಟ್ಟು ತಾಳುವ ಗುಣ ಬೇರೆ, ಬಹಳ ಬಾಗಿ ಪೂರ್ತಿ ಮರಳುವ ಗುಣ ಬೇರೆ.

ಹೆದೆ ಎಳೆದಾಗ ಬಿಲ್ಲಿನ ಹೊರಮೈಯ ಎಳೆಗಳು ಹಿಗ್ಗುತ್ತವೆ, ಬಿಲ್ಲುಗಾರನ ಕಡೆಗಿನ ಒಳಮೈಯ ಎಳೆಗಳು ಕುಗ್ಗುತ್ತವೆ. ನಡುವಿನ ಒಂದು ಪದರ ಮಾತ್ರ ಹಿಗ್ಗದೆ ಕುಗ್ಗದೆ ಇರುತ್ತದೆ. ಎಳೆಯ ನೇರದಲ್ಲಿ ಮರ ಎಳೆತವನ್ನು ತಾಳಿದಷ್ಟು ಒತ್ತಡವನ್ನು ತಾಳದು. ಹೀಗಾಗಿ ಒಳಮೈ ಸುಕ್ಕುಗಟ್ಟಿ ಸೋಲುತ್ತದೆ. ಹೊರಮೈ ಮುರಿಯುವುದು ಸಾಮಾನ್ಯವಾಗಿ ಉಳಿಯ ತಪ್ಪಿನಿಂದ: ಎಳೆ ತುಂಡಾದಲ್ಲೇ ಸಿಗುರು ಏಳುತ್ತದೆ. ದಪ್ಪದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ, ದಪ್ಪ ಎರಡು ಪಟ್ಟಾದರೆ ಬಿಗುವು ಎಂಟು ಪಟ್ಟಾಗುತ್ತದೆ. ಒಂದೇ ಕಡೆ ತುಸು ಹೆಚ್ಚು ಕೆತ್ತಿದರೂ ಇಡೀ ಬಾಗು ಅಲ್ಲಿಗೇ ಹೋಗಿ ಕೂರುತ್ತದೆ.

ಬಹಳ ಬಾಗಿ ಪೂರ್ತಿ ಮರಳುವ ಈ ಪರೀಕ್ಷೆಯಲ್ಲಿ ಗೆಲ್ಲುವ ನಮ್ಮ ಮರ ತಡಸಲು. ಒಣ ಎಲೆಯುದುರು ಕಾಡಿನ ಮರವಿದು. ಎಲೆಯ ಬುಡ ಓರೆ, ಅಂಚು ಗರಗಸ, ಬುಡದಿಂದಲೇ ಹಲವು ನರಗಳು ಹೊರಡುತ್ತವೆ. ಹೂವು ಸಣ್ಣದು, ಹಳದಿ. ಒಳತೊಗಟೆಯ ನಾರಿನಿಂದ ಹಗ್ಗ ಹೊಸೆಯಬಹುದು. ಅಡ್ಡೆಕೋಲು, ಕೊಡಲಿಕಾವು, ಗಾಡಿಯ ಮೂಕಿ, ಬಿಲ್ಲು, ಹೀಗೆ ಬಾಗಿ ಮರಳಬೇಕಾದ ಎಲ್ಲದಕ್ಕೂ ಇದು ಹೆಸರಾದದ್ದು. ದಿಂಡಿಗ ಮರವೂ ಗಟ್ಟಿಮುಟ್ಟು, ಆದರೆ ತೂಕ ಹೆಚ್ಚು. ಬಿಲ್ಲಿನ ತೋಳೇ ಭಾರವಾದರೆ ಕೂಡಿಟ್ಟ ಶಕ್ತಿಯ ಒಂದು ಪಾಲು ಬಾಣಕ್ಕೆ ಹೋಗದೆ ತೋಳನ್ನು ಓಡಿಸುವುದರಲ್ಲೇ ಮುಗಿಯುತ್ತದೆ.

ಜಾತಿ ಗುರುತಿಸಿದರೆ ಅರ್ಧ ಕೆಲಸವಷ್ಟೇ ಆಯಿತು. ಒಂದೇ ಜಾತಿಯ ಎರಡು ಮರಗಳಲ್ಲಿ ಒಂದು ಬಿಲ್ಲಿಗಾಗುತ್ತದೆ, ಇನ್ನೊಂದು ಒಲೆಗೆ. ತೊಗಟೆಯ ಬಿರುಕು ಕಾಂಡವನ್ನು ಸುತ್ತುತ್ತ ಏರಿದ್ದರೆ ಒಳಗಿನ ಎಳೆಯೂ ಸಾಮಾನ್ಯವಾಗಿ ತಿರುಚಿರುತ್ತದೆ. ಗಂಟಿಲ್ಲದ, ನೆಟ್ಟಗಿನ ತುಂಡನ್ನು ಗರಗಸದಿಂದ ಕೊಯ್ಯದೆ ಬೆಣೆ ಹೊಡೆದು ಸೀಳಬೇಕು. ಸೀಳು ಎಳೆಯ ದಾರಿಯಲ್ಲೇ ಸಾಗುತ್ತದೆ. ಆಮೇಲೆ ತಾಳ್ಮೆ. ಹಸಿಮರದ ತೇವ ನೂರಕ್ಕೆ 10-12ಕ್ಕೆ ಇಳಿಯಬೇಕು. ಕಲಬುರಗಿಯ ಬೇಸಿಗೆಯಲ್ಲಿ ತುದಿಗಳು ಬೇಗ ಒಣಗಿ ಬಿರಿಯುತ್ತವೆ. ಅವಕ್ಕೆ ಮೇಣ ಬಳಿದು, ತುಂಡನ್ನು ನೆರಳಿನಲ್ಲಿಡಬೇಕು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಕಾಡು ತೀರ ಕಡಿಮೆ. ಜಿಲ್ಲೆಯ ದೊಡ್ಡ ಕಾಡಿರುವುದು ಚಿಂಚೋಳಿಯಲ್ಲಿ; ಅದು 2011ರಿಂದ ವನ್ಯಜೀವಿಧಾಮ, ಅಲ್ಲಿಂದ ಮರ ತರುವ ಯೋಚನೆಯೇ ಬೇಡ. ನಮಗಿರುವ ನೇರ ದಾರಿ ಬಿದಿರು. ಅದರ ನಾರು ಹೊರಸಿಪ್ಪೆಯ ಬಳಿ ದಟ್ಟವಾಗಿರುತ್ತದೆ. ಸಿಪ್ಪೆಯನ್ನು ಹೊರಮೈಗೆ ಇಟ್ಟರೆ ಬಿಲ್ಲು ಎಳೆತಕ್ಕೆ ಸಿಗುವುದೂ ಅಲ್ಲೇ. ಭಿಲ್ಲ ಬುಡಕಟ್ಟಿನವರ ಬಿಲ್ಲು ಬಿದಿರಿನದೇ. 2017ರ ತಿದ್ದುಪಡಿಯಿಂದ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಬಿದಿರು 'ಮರ' ಎನಿಸಿಕೊಳ್ಳುವುದಿಲ್ಲ. ಭೀಮಾ, ಅಮರ್ಜಾ ನದಿಗಳ ದಡದಲ್ಲಿ ಹೊಲವಿರುವವರು ಒಂದು ಮೆಳೆ ಗಟ್ಟಿಬಿದಿರನ್ನೂ, ಸಸಿ ಸಿಕ್ಕರೆ ಪಕ್ಕದಲ್ಲೇ ತಡಸಲನ್ನೂ ನೆಡಿ. ಮೂರ್ನಾಲ್ಕು ವರ್ಷ ಬಲಿತ ಬಿದಿರುಗಳನ್ನಷ್ಟೇ ಕಡಿಯಿರಿ, ಎಳೆಯವನ್ನು ಬಿಡಿ.