ಒಂಟಿಕಾಲಿನ ಕಡಲಹಕ್ಕಿ

ಇಂಗ್ಲೆಂಡಿನ ಕಡಲತೀರದ ಯಾವುದಾದರೊಂದು ಹಳೆಯ ದೋಣಿಮನೆಯ ಮೂಲೆಯಲ್ಲಿ, ಸವೆದ ಹುಟ್ಟುಗಳ ಹಿಂದೆ, ತಲೆಯ ಮೇಲೆ ಹಿತ್ತಾಳೆಯ ಇಂಧನಪಾತ್ರೆಯನ್ನೂ ಉದ್ದನೆಯ ಕಾಲಿನ ತುದಿಯಲ್ಲಿ ಪ್ರೊಪೆಲರನ್ನೂ ಹೊತ್ತು ಗೋಡೆಗೊರಗಿ ನಿಂತಿರುವ ಯಂತ್ರವೊಂದು ಕಣ್ಣಿಗೆ ಬಿದ್ದರೆ, ಅದು ‘ಬ್ರಿಟಿಷ್ ಸೀಗಲ್’ ಆಗಿರುವ ಸಂಭವವೇ ಹೆಚ್ಚು. ಹೆಸರೇನೋ ಕಡಲಹಕ್ಕಿಯದು, ರೂಪ ಮಾತ್ರ ಒಂಟಿಕಾಲಲ್ಲಿ ನಿಂತ ಕೊಕ್ಕರೆಯದು. 1931ರಲ್ಲಿ ವುಲ್ವರ್‌ಹ್ಯಾಂಪ್ಟನ್ ನಗರದಲ್ಲಿ ಜನ್ಮ ತಳೆದು, ಅನಂತರ ಪೂಲ್ ಬಂದರಿಗೆ ನೆಲೆ ಬದಲಿಸಿ, ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಸಣ್ಣ ದೋಣಿಗಳನ್ನು ನೂಕಿ, 1990ರ ದಶಕದಲ್ಲಿ ತಯಾರಿಕೆ ನಿಂತುಹೋದ ಈ ಯಂತ್ರವನ್ನು ನೋಡದವರು ನಮ್ಮಲ್ಲಿ ಬಹುಮಂದಿ ಇದ್ದಾರು. ಆದರೆ ನಮ್ಮ ಕರಾವಳಿಯ ನಾಡದೋಣಿಗಳ ಹಿಂಬದಿಗೆ ಸಿಕ್ಕಿಸಿದ, ಸೀಮೆಎಣ್ಣೆ ಕುಡಿದು ಓಡುವ ಔಟ್‌ಬೋರ್ಡ್ ಇಂಜಿನುಗಳನ್ನು ಕಂಡವರಿಗೆ ಇದರ ಜಾತಿ ಅಪರಿಚಿತವೇನಲ್ಲ.

ಮೂವತ್ತು ನಲವತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದ ಇಂಥದೊಂದನ್ನು ಮತ್ತೆ ಓಡಿಸಬಹುದೆ ಎಂದು ಕೇಳಿದರೆ, ಬಹುತೇಕ ಓಡಿಸಬಹುದು ಎಂದೇ ಉತ್ತರ. ಈ ಯಂತ್ರಗಳು ದುಡಿದು ಸವೆದುದಕ್ಕಿಂತ ಸುಮ್ಮನಿದ್ದು ಕೆಟ್ಟುದೇ ಹೆಚ್ಚು. ಆ ಕೇಡಾದರೂ ಲೋಹದ ಒಡಲಿಗೆ ಇಳಿದಿರದೆ, ಗಾಳಿಯ ಆಮ್ಲಜನಕವೂ ತೇವವೂ ಕೂಡಿ ಅದರ ಮೈಮೇಲೆ ಹಾಸಿದ ಒಂದು ತೆಳುಪೊರೆಯಷ್ಟೇ ಆಗಿರುತ್ತದೆ.

ಮೊದಲು ನೋಡಬೇಕಾದುದು ಪಿಸ್ಟನ್ನು ಅಲುಗಾಡುವುದೋ ಇಲ್ಲವೋ ಎಂಬುದು. ಎರಕದ ಕಬ್ಬಿಣದ ಸಿಲಿಂಡರಿನ ಗೋಡೆಗೆ ಹಿಡಿಯುವ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ, ಪಿಸ್ಟನ್ನಿನ ಉಂಗುರಗಳು ಬೆಣೆ ಹೊಡೆದಂತೆ ಸಿಕ್ಕಿಕೊಂಡಿರುತ್ತವೆ. ಇಲ್ಲಿ ಸುತ್ತಿಗೆಯನ್ನೆತ್ತಿಕೊಂಡವನು ಕೆಟ್ಟ. ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದ ಮೂಲಕ ತೆಳುವಾದ ಎಣ್ಣೆಯನ್ನು ಸುರಿದು, ನಾಲ್ಕಾರು ದಿನ ಮರೆತಂತಿದ್ದು, ಅನಂತರ ಫ್ಲೈವೀಲನ್ನು ಕೈಯಿಂದಲೇ ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಆಡಿಸತಕ್ಕದ್ದು. ಅಲ್ಯೂಮಿನಿಯಮ್ಮಿನಲ್ಲಿ ಹುದುಗಿ ಕಚ್ಚಿಕೊಂಡ ಉಕ್ಕಿನ ಬೋಲ್ಟುಗಳಿಗೆ ಶಾಖವೇ ಮದ್ದು: ಅದೇ ಬಿಸಿಗೆ ಅಲ್ಯೂಮಿನಿಯಮ್ ಉಕ್ಕಿನ ಸುಮಾರು ಇಮ್ಮಡಿ ಹಿಗ್ಗುವುದರಿಂದ ಹಿಡಿತ ತಾನಾಗಿ ಸಡಿಲುತ್ತದೆ.

ಇನ್ನು ಕಿಡಿಯ ವಿಚಾರ. ಈ ಯಂತ್ರದ ನಿಜವಾದ ಸೊಗಸಿರುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಇದಕ್ಕೆ ಬ್ಯಾಟರಿಯಿಲ್ಲ. ಫ್ಲೈವೀಲಿನಲ್ಲಿ ಹುದುಗಿಸಿದ ಅಯಸ್ಕಾಂತಗಳು ತಾಮ್ರದ ಸುರುಳಿಯೊಂದನ್ನು ಹಾದುಹೋಗುವಾಗ, 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವದಂತೆ, ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಆ ಪ್ರವಾಹ ತುಂಬಿ ಬಂದ ಕ್ಷಣದಲ್ಲಿ ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ಬಿಲ್ಲೆಗಳು ಒಂದರಿಂದೊಂದು ಅಗಲಿ ಅದನ್ನು ತಟ್ಟನೆ ಕಡಿಯುತ್ತವೆ. ಕಡಿದೊಡನೆ ಕಾಂತಕ್ಷೇತ್ರ ಕುಸಿದು, ಆ ಸುರುಳಿಯ ಮೇಲೆಯೇ ಸಾವಿರಾರು ಸುತ್ತಾಗಿ ಸುತ್ತಿದ ಕೂದಲೆಳೆಯಂಥ ಎರಡನೆಯ ತಂತಿಯಲ್ಲಿ ಹಲವು ಸಾವಿರ ವೋಲ್ಟುಗಳ ವಿದ್ಯುತ್ತು ಚಿಮ್ಮಿ, ಪ್ಲಗ್ಗಿನ ತುದಿಯಲ್ಲಿ ಅರ್ಧ ಮಿಲಿಮೀಟರಿನಷ್ಟು ಗಾಳಿಯನ್ನು ಸೀಳಿಕೊಂಡು ಹಾರುತ್ತದೆ. ಇಷ್ಟೆಲ್ಲ ನಡೆಯಬೇಕಾದರೆ ಪಾಯಿಂಟುಗಳು ಕೂಡಿದಾಗ ನಿಜವಾಗಿ ಕೂಡಿರಬೇಕು. ಮೊದಲ ಸುರುಳಿಯ ವಿದ್ಯುತ್ತಿಗೆ ಒತ್ತಡ ಅಲ್ಪ. ಬಿಲ್ಲೆಗಳ ಮೇಲೆ ಬೆಳೆದ ಕಣ್ಣಿಗೆ ಕಾಣದ ಮಂಕೊಂದು ಸಾಕು, ಅದು ದಾಟಲಾರದು. ಆದುದರಿಂದ ಫ್ಲೈವೀಲನ್ನು ಬಿಚ್ಚಿ, ಪಾಯಿಂಟುಗಳನ್ನು ನುಣುಪಾದ ಉಜ್ಜುಕಾಗದದಿಂದ ತಿಕ್ಕಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಅವು ಪೂರ್ತಿ ತೆರೆದಾಗಿನ ಅಂತರವನ್ನು ಅಂಗುಲದ ಸಾವಿರದಲ್ಲಿ 20 ಭಾಗಕ್ಕೆ ಹೊಂದಿಸಿದರೆ, ದಶಕಗಳ ಮೌನ ಎಷ್ಟೋ ವೇಳೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಪ್ಲಗ್ಗನ್ನು ಸಿಲಿಂಡರಿನ ಮೈಗೆ ತಾಗಿಸಿಟ್ಟು ಹಗ್ಗವನ್ನೆಳೆದಾಗ ನೀಲಿಯ ಕಿಡಿ ಕಂಡರೆ ಸರಿ. ಬಡಕಲು ಹಳದಿ ಕಿಡಿ ಬಂದರೆ ಕಂಡೆನ್ಸರನ್ನು ಶಂಕಿಸಬೇಕು. ಪಾಯಿಂಟುಗಳ ನಡುವೆ ಹಾರಬಯಸುವ ವಿದ್ಯುತ್ತನ್ನು ಕ್ಷಣಕಾಲ ತನ್ನಲ್ಲಿ ಅಡಗಿಸಿಕೊಳ್ಳುವುದೇ ಅದರ ಕೆಲಸ. ಅದರೊಳಗಿನ ಕಾಗದಕ್ಕೆ ತೇವ ತಗುಲಿದ್ದರೆ ಹೊಸದನ್ನು ಹಾಕುವುದೊಂದೇ ದಾರಿ.

ಇಂಧನದ ಕಥೆ ಇದಕ್ಕಿಂತ ಸರಳ. ಪಾತ್ರೆಯಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ, ಉಳಿದುದು ಆಮ್ಲಜನಕವನ್ನು ಹೀರಿ ಅಂಟಾಗಿ, ಕಾರ್ಬುರೇಟರಿನ ಜೆಟ್ಟಿನಲ್ಲಿ ಹಲಸಿನ ಮೇಣದಂತೆ ಕುಳಿತಿರುತ್ತದೆ. ಅದನ್ನು ದ್ರಾವಕದಲ್ಲಿ ನೆನೆಸಿ ಊದಿ ತೆಗೆಯಬೇಕೇ ಹೊರತು ಉಕ್ಕಿನ ತಂತಿಯಿಂದ ಕೆದಕಬಾರದು. ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಗಾಳಿ ಪೆಟ್ರೋಲುಗಳ ಪ್ರಮಾಣ ಕೆಡುತ್ತದೆ. ಹೊಸ ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸುವಾಗ ಮಾತ್ರ ಇಂದಿನ ಲೆಕ್ಕವನ್ನು ಮರೆಯಬೇಕು. ಈಚಿನ ಎರಡು ಹೊಡೆತದ ಇಂಜಿನುಗಳಿಗೆ ಐವತ್ತು ಪಾಲಿಗೆ ಒಂದು ಪಾಲು ಎಣ್ಣೆ ಸಾಕಾಗಬಹುದು. ಹಳೆಯ ಸೀಗಲ್ಲಿಗೆ ಹತ್ತು ಪಾಲಿಗೆ ಒಂದು ಪಾಲು. ಪೆಟ್ರೋಲಿನ ಆವಿ ಮೊದಲು ಕೆಳಗಣ ಕ್ರ್ಯಾಂಕಿನ ಪೆಟ್ಟಿಗೆಗೆ ಬಂದು, ಅಲ್ಲಿ ಒತ್ತಲ್ಪಟ್ಟು ಮೇಲೇರುವ ಈ ರಚನೆಯಲ್ಲಿ, ದಂಡವನ್ನು ಹೊತ್ತ ಸಾದಾ ಬೇರಿಂಗುಗಳ ಸಂದಿನಲ್ಲಿ ನಿಂತ ಎಣ್ಣೆ ಜಾರಿಕೆಗೂ ಬೇಕು, ಒತ್ತಡ ಸೋರದಂತೆ ತಡೆಯುವುದಕ್ಕೂ ಬೇಕು. ನೀಲಿ ಹೊಗೆ ಧಾರಾಳವಾಗಿ ಬರುತ್ತದೆ. ಪರಿಸರದ ದೃಷ್ಟಿಯಿಂದ ಇದನ್ನು ಸಮರ್ಥಿಸುವ ಮಾತು ನನ್ನಲ್ಲಿಲ್ಲ.

ಓಡಿಸಿ ನೋಡುವುದಕ್ಕೆ ನೀರು ತುಂಬಿದ ಪೀಪಾಯಿಯೊಂದು ಅವಶ್ಯ, ಏಕೆಂದರೆ ಸಿಲಿಂಡರನ್ನು ತಣಿಸುವ ನೀರು ಯಂತ್ರದ ಕಾಲಿನಿಂದಲೇ ಮೇಲೇರಬೇಕು. ಪಾತ್ರೆಯ ಮುಚ್ಚಳದಲ್ಲಿರುವ ಗಾಳಿಯ ತಿರುಪನ್ನು ಸಡಿಲಿಸಿ (ಇದನ್ನು ಮರೆತು ಯಂತ್ರವನ್ನು ಶಪಿಸಿದವರು ಕಡಮೆಯಿಲ್ಲ), ಕಾರ್ಬುರೇಟರಿನ ಗುಂಡಿಯನ್ನು ಪೆಟ್ರೋಲು ಜಿನುಗುವವರೆಗೆ ಒತ್ತಿ, ಗಂಟು ಹಾಕಿದ ಹಗ್ಗವನ್ನು ಫ್ಲೈವೀಲಿಗೆ ಸುತ್ತಿ ಎಳೆಯಬೇಕು. ಹಿಂದೆ ಯಾರೂ ನಿಂತಿರಕೂಡದು. ಬಿಡಿಸಿಕೊಂಡ ಹಗ್ಗದ ಗಂಟು ಚಾವಟಿಯಂತೆ ಬೀಸುತ್ತದೆ.

ಓಡಿತೆಂದರೆ, ಕಡಲಿನಿಂದ ಮರಳಿದ ಪ್ರತಿಸಲವೂ ಅದೇ ಪೀಪಾಯಿಯ ಸಿಹಿನೀರಿನಲ್ಲಿ ಒಂದೆರಡು ನಿಮಿಷ ನಡೆಸಿ, ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಕಾರ್ಬುರೇಟರು ಬರಿದಾಗಿ ಯಂತ್ರ ತಾನಾಗಿ ನಿಲ್ಲುವವರೆಗೆ ಕಾಯಿರಿ.