ಕಾರಿನ ಸಂಗೀತದಲ್ಲಿ ಅಪಸ್ವರ

ಕಾರಿನಲ್ಲಿ ಕುಳಿತು ಸಂಗೀತವನ್ನು ಕೇಳುವುದು ಇಂದು ಸಾಮಾನ್ಯ ಸಂಗತಿ. ಆದರೆ ಎಂಜಿನು ಚಾಲೂ ಆದೊಡನೆ ಹಾಡಿನ ಬೆನ್ನಿಗೇ ‘ಕುಂಯ್’ ಎಂಬ ಕೂಗೊಂದು ಹೊರಟು, ವೇಗ ಹೆಚ್ಚಿದಂತೆ ಅದರ ಶ್ರುತಿಯೂ ಏರತೊಡಗಿದರೆ ಕೇಳುವವರ ಸಂತೋಷವೆಲ್ಲ ಮಣ್ಣುಪಾಲಾಗುವುದು. ಇಂಥ ಪ್ರಸಂಗದಲ್ಲಿ ಅನೇಕರು ನೇರವಾಗಿ ಅಂಗಡಿಗೆ ಹೋಗಿ ಒಂದು ಫಿಲ್ಟರನ್ನು ಕೊಂಡು ತರುವರು. ನಾವೂ ಒಮ್ಮೆ ಹಾಗೆಯೇ ಮಾಡಿದೆವು. ಹಣ ಹೋಯಿತು, ಕೂಗು ಹೋಗಲಿಲ್ಲ. ಸದ್ದು ಯಾವ ದಾರಿಯಿಂದ ಒಳಗೆ ಬರುತ್ತಿದೆಯೆಂದು ವಿಚಾರಿಸುವ ಬುದ್ಧಿ ನಮಗೆ ಬಂದುದು ಆ ಬಳಿಕವೇ.

ಈ ಪೀಡೆ ಹೊಸತಲ್ಲ. 1930ರಲ್ಲಿ ಅಮೆರಿಕದ ಶಿಕಾಗೋ ನಗರದ ಗಾಲ್ವಿನ್ ಕಂಪೆನಿಯವರು ‘ಮೊಟರೋಲಾ’ ಎಂಬ ಕಾರು ರೇಡಿಯೋವನ್ನು ಹೊರತಂದಾಗ, ಎಂಜಿನಿನ ಕಿಡಿಗಳಿಂದ ಹುಟ್ಟುವ ಚಟಪಟ ಸದ್ದನ್ನು ಅಡಗಿಸುವುದೇ ದೊಡ್ಡ ಸಮಸ್ಯೆಯಾಗಿತ್ತು. ಪೆಟ್ರೋಲ್ ಎಂಜಿನಿನ ಒಂದೊಂದು ಕಿಡಿಯೂ ಪುಟ್ಟ ರೇಡಿಯೋ ಕೇಂದ್ರದಂತೆ ಅಲೆಗಳನ್ನು ಸೂಸುತ್ತದೆ. ಈಗ ಪ್ಲಗ್ಗಿನೊಳಗೇ ರೋಧಕವನ್ನು ಇರಿಸುವುದರಿಂದ ಆ ತೊಂದರೆ ಬಹುಮಟ್ಟಿಗೆ ತಗ್ಗಿದೆ. ಡೀಸೆಲ್ ಎಂಜಿನಿಗೆ ಕಿಡಿಯೇ ಬೇಡ. ಅಲ್ಲಿ ಚಟಪಟ ಕೇಳಿಸಿದರೆ ಬೇರೆ ಕಾರಣವನ್ನು ಹುಡುಕತಕ್ಕದ್ದು.

ಏರುತ್ತ ಹೋಗುವ ಕೂಗಿನ ಮೂಲವು ಆಲ್ಟರ್ನೇಟರ್. ಎಂಜಿನಿನ ಬೆಲ್ಟಿನಿಂದ ತಿರುಗುವ ಈ ಯಂತ್ರವು ವಿದ್ಯುತ್ತನ್ನು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತದೆ. ಅದು ಕೊಡುವುದು ಹಿಂದುಮುಂದಾಗಿ ಹರಿಯುವ ಪ್ರವಾಹ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆದರೂ ಕೆರೆಯ ನೀರಿನ ಮೇಲಣ ಕಿರುದೆರೆಗಳಂತೆ ಸ್ವಲ್ಪ ಏರಿಳಿತ ಉಳಿದೇ ಉಳಿಯುವುದು. ಎಂಜಿನಿನ ವೇಗ ಹೆಚ್ಚಿದಂತೆ ಈ ತೆರೆಗಳು ಒತ್ತೊತ್ತಾಗುತ್ತವೆ. ಶ್ರುತಿಯು ಏರುವುದು ಅದಕ್ಕಾಗಿಯೇ.

ಆದರೆ ಆಲ್ಟರ್ನೇಟರ್ ಎಂಜಿನುಳ್ಳ ಹೆಚ್ಚಿನ ಕಾರುಗಳಲ್ಲಿ ಉಂಟಷ್ಟೆ. ಎಲ್ಲ ಕಾರುಗಳೂ ಕೂಗುವುದಿಲ್ಲವೇಕೆ? ಗುಟ್ಟು ಇರುವುದು ಅರ್ತ್ ತಂತಿಯಲ್ಲಿ. ಕಾರಿನಲ್ಲಿ ಪ್ರವಾಹವು ತಂತಿಯಲ್ಲಿ ಹೋಗಿ, ಕಬ್ಬಿಣದ ಒಡಲಿನ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಸ್ಟೀರಿಯೋ ಮುಂದುಗಡೆ ಈ ಒಡಲಿಗೆ ಜೋಡಿಸಿರುತ್ತದೆ, ಆಂಪ್ಲಿಫೈಯರ್ ಹಿಂದೆ ಡಿಕ್ಕಿಯಲ್ಲಿ. ಹಿಂದಿನ ಜೋಡಣೆ ಕೆಟ್ಟು ಅಲ್ಲಿ ಒಂದು ಓಮಿನ ನೂರನೆಯ ಒಂದಂಶದಷ್ಟು ರೋಧ ಉಂಟಾಯಿತೆನ್ನೋಣ. 20 ಆಂಪಿಯರ್ ಪ್ರವಾಹ ಅದರಲ್ಲಿ ಹರಿದರೆ, ಓಮನ ನಿಯಮದಂತೆ 20 × 0.01 = 0.2 ವೋಲ್ಟಿನ ವ್ಯತ್ಯಾಸ. ಸ್ಟೀರಿಯೋ ಕಳುಹಿಸುವ ಸಂಗೀತದ ಸಂಕೇತವೇ ಒಂದೆರಡು ವೋಲ್ಟು. ಮೆಲುದನಿಯ ಹಾಡಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಎರಡು ಅರ್ತ್‌ಗಳ ನಡುವಣ ಈ ವ್ಯತ್ಯಾಸವು ಸಂಕೇತದ ತಂತಿಯ ಹೊರಕವಚದಲ್ಲಿ ಹರಿದು, ಹಾಡಿನೊಡನೆ ಬೆರೆತು, ಆಂಪ್ಲಿಫೈಯರಿನಲ್ಲಿ ಹಿಗ್ಗಿ ಸ್ಪೀಕರಿನಿಂದ ಹೊರಬೀಳುವುದು.

ಇನ್ನು ಹುಡುಕುವ ಕ್ರಮ. ಎಂಜಿನು ನಡೆಯುತ್ತಿರಲಿ, ಧ್ವನಿಯನ್ನು ಪೂರ್ತಿ ತಗ್ಗಿಸಿರಿ. ಕೂಗೂ ಜೊತೆಗೇ ತಗ್ಗಿದರೆ ದೋಷವು ಸ್ಟೀರಿಯೋಗೆ ಬರುವ ದಾರಿಯಲ್ಲಿದೆ. ತಗ್ಗದಿದ್ದರೆ ಅದರಿಂದ ಮುಂದಕ್ಕೆ. ತಗ್ಗದಿದ್ದಲ್ಲಿ, ಎಲ್ಲವನ್ನೂ ಆರಿಸಿ, ಸಂಕೇತದ ತಂತಿಗಳನ್ನು ಆಂಪ್ಲಿಫೈಯರಿನಿಂದ ಕಳಚಿರಿ. ಅದರ ಬದಲಿಗೆ ತನ್ನ ಬ್ಯಾಟರಿಯಿಂದಲೇ ನಡೆಯುವ ಮೊಬೈಲ್ ಫೋನೊಂದನ್ನು ಜೋಡಿಸಿ ಹಾಡಿಸಿರಿ. ಕೂಗು ನಿಂತರೆ ಆಂಪ್ಲಿಫೈಯರ್ ನಿರ್ದೋಷಿ. ಕಳಚಿದ ತಂತಿ, ಸ್ಟೀರಿಯೋ, ಅವುಗಳ ಅರ್ತ್ ಜೋಡಣೆ ಇವುಗಳನ್ನು ಪರೀಕ್ಷಿಸಬೇಕು. ಸಂಕೇತದ ತಂತಿಗಳು ಜೋಡಿಸಿರುವಾಗ ಆಂಪ್ಲಿಫೈಯರಿನ ಅರ್ತ್ ತಂತಿಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಭಾರಿ ಪ್ರವಾಹವೆಲ್ಲ ತೆಳುವಾದ ಕವಚದಲ್ಲಿ ನುಗ್ಗಿ ಸ್ಟೀರಿಯೋದ ಒಳಗನ್ನು ಸುಟ್ಟುಬಿಡಬಹುದು.

ವಿದ್ಯಾರ್ಥಿಗಳು ಬಿಚ್ಚುವ ಕೆಲಸವಿಲ್ಲದೆ ಮಾಡಬಹುದಾದ ಪರೀಕ್ಷೆಯೂ ಒಂದುಂಟು. ಕಾರು ನಿಂತಲ್ಲಿಯೇ ಇರಲಿ, ಎಂಜಿನನ್ನು ಹಿರಿಯರು ನಡೆಸಲಿ. ಫೋನನ್ನು ತಂತಿಯ ಮೂಲಕ ಸ್ಟೀರಿಯೋಗೆ ಜೋಡಿಸಿ, ಕಾರಿನ ಚಾರ್ಜರಿಗೂ ಸಿಕ್ಕಿಸಿ ಕೇಳಿರಿ. ಕೂಗು ಬಂದರೆ ಚಾರ್ಜರನ್ನು ಕಿತ್ತುನೋಡಿರಿ. ಅಲ್ಲಿಗೇ ಮೌನವಾದರೆ ಕಳ್ಳನು ಸಿಕ್ಕಿದನು: ಫೋನಿಗೆ ಎರಡು ಅರ್ತ್ ದಾರಿಗಳಾಗಿದ್ದುವು.

ಪರಿಹಾರದಲ್ಲಿ ಖರ್ಚಿಗಿಂತ ಶ್ರಮವೇ ಹೆಚ್ಚು. ಅರ್ತ್ ತಂತಿಯು ದಪ್ಪವಾಗಿಯೂ ಗಿಡ್ಡವಾಗಿಯೂ ಇರಲಿ. ಬೋಲ್ಟಿನ ಕೆಳಗಿನ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು ಬಿಗಿಯಬೇಕು. ಆದರೆ ಸೀಟ್ ಬೆಲ್ಟಿನ ಬೋಲ್ಟನ್ನು ಮುಟ್ಟಬಾರದು. ಬ್ಯಾಟರಿಯ ತಂತಿಯನ್ನು ಒಂದು ಬದಿಯಿಂದ, ಸಂಕೇತದ ತಂತಿಯನ್ನು ಮತ್ತೊಂದು ಬದಿಯಿಂದ ಒಯ್ಯುವುದು ಲೇಸು. ಬ್ಯಾಟರಿಯ ಬಳಿಯ ಫ್ಯೂಸನ್ನು ತೆಗೆದು ನೇರವಾಗಿ ತಂತಿ ಸುತ್ತುವ ಚಟ ಕೆಲವರಿಗುಂಟು. ಅದು ಬೆಂಕಿಗೆ ಕೊಟ್ಟ ಆಮಂತ್ರಣ.

ನಮ್ಮ ಕಾರಿನ ಡಿಕ್ಕಿಯಲ್ಲಿ ಆ ಬೋಲ್ಟನ್ನು ಬಿಚ್ಚಿದಾಗ ಕೆಳಗೆ ಕಂಡುದು ಬಣ್ಣದ ಒಂದು ಪದರ, ಅದರ ಸುತ್ತಲೂ ಕರಾವಳಿಯ ಉಪ್ಪುಗಾಳಿ ತಿಂದ ತುಕ್ಕು. ಮರಳುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿದೆವು. ಕೂಗು ನಿಂತಿತು. ಕೊಂಡು ತಂದ ಫಿಲ್ಟರು ಈಗಲೂ ಕಪಾಟಿನಲ್ಲಿದೆ.