ಹಾರ್ವರ್ಡ್ ಲಾ ರೆಕಾರ್ಡ್: ಕಾರು ಕಂಪನಿಗಳನ್ನು ಪ್ರಶ್ನಿಸಿದ ವಿದ್ಯಾರ್ಥಿ ಪತ್ರಿಕೆಯ ಕಥೆ, ಕ್ಯಾಂಪಸ್ ಪತ್ರಿಕೆಗೆ ಸ್ವಾತಂತ್ರ್ಯ ಬರುವುದು ಎಲ್ಲಿಂದ?

1958ರ ಡಿಸೆಂಬರ್. ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆಯ ವಿದ್ಯಾರ್ಥಿಗಳು ಹೊರತರುತ್ತಿದ್ದ ಪತ್ರಿಕೆಯೊಂದರಲ್ಲಿ ಕಾರುಗಳ ಕುರಿತ ಲೇಖನವೊಂದು ಪ್ರಕಟವಾಯಿತು. ರಸ್ತೆ ಅಪಘಾತದಲ್ಲಿ ಜನ ಸಾಯುವುದಕ್ಕೆ ಚಾಲಕರ ತಪ್ಪಷ್ಟೇ ಕಾರಣವಲ್ಲ, ಕಾರುಗಳ ವಿನ್ಯಾಸವೂ ಕಾರಣ ಎಂಬುದು ಅದರ ವಾದ. ಬರೆದವರು ಅದೇ ವರ್ಷ ಪದವಿ ಮುಗಿಸಿದ್ದ 24 ವರ್ಷದ ಯುವಕ ರಾಲ್ಫ್ ನೇಡರ್.

ಎಂಟು ವರ್ಷಗಳ ಬಳಿಕ, 1966ರ ಸೆಪ್ಟೆಂಬರ್ 9ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. ಆ ಕಾಯ್ದೆ ಬರಲು ಅತಿ ಹೆಚ್ಚು ಶ್ರಮಿಸಿದವರಲ್ಲಿ ನೇಡರ್ ಹೆಸರು ಮೊದಲ ಸಾಲಿನಲ್ಲಿದೆ. ಅವರ ಆ ಲೇಖನಕ್ಕೆ ಜಾಗ ಕೊಟ್ಟಿದ್ದ ಪತ್ರಿಕೆಯೇ 'ಹಾರ್ವರ್ಡ್ ಲಾ ರೆಕಾರ್ಡ್'.

ಹಾಗಾದರೆ ಏನಿದು ಪತ್ರಿಕೆ? ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ 'ಸ್ವತಂತ್ರ' ಎಂದು ಕರೆಸಿಕೊಳ್ಳುವುದು ಹೇಗೆ? ಆ ಸ್ವಾತಂತ್ರ್ಯಕ್ಕೆ ಕಾನೂನಿನ ರಕ್ಷಣೆ ಎಷ್ಟರಮಟ್ಟಿಗೆ ಇದೆ? ಇಲ್ಲಿದೆ ವಿವರ.

ಯಾವಾಗ ಶುರುವಾಯಿತು?

ಹಾರ್ವರ್ಡ್ ಕಾನೂನು ಶಾಲೆ ಸ್ಥಾಪನೆಯಾದದ್ದು 1817ರಲ್ಲಿ. ಲಾ ರೆಕಾರ್ಡ್ ಹುಟ್ಟಿದ್ದು 1946ರಲ್ಲಿ. ಅಮೆರಿಕದ ಕಾನೂನು ಶಾಲೆಗಳ ಪತ್ರಿಕೆಗಳಲ್ಲೇ ಇದು ಅತ್ಯಂತ ಹಳೆಯದು ಎಂಬ ಹೆಗ್ಗಳಿಕೆ ಇದಕ್ಕಿದೆ. ಎರಡು ವರ್ಷಗಳ ಬಳಿಕ, 1948ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳೂ 'ವರ್ಜೀನಿಯಾ ಲಾ ವೀಕ್ಲಿ' ಆರಂಭಿಸಿದರು.

ಆ ಕಾಲಘಟ್ಟವನ್ನು ಗಮನಿಸಬೇಕು. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಯುದ್ಧದಿಂದ ಮರಳಿದ ಸೈನಿಕರ ಓದಿನ ವೆಚ್ಚವನ್ನು ಸರ್ಕಾರವೇ ಭರಿಸುವ ಕಾನೂನು 1944ರಲ್ಲಿ ಜಾರಿಯಾಗಿತ್ತು. 1947ರ ಹೊತ್ತಿಗೆ ಅಮೆರಿಕದ ಕಾಲೇಜುಗಳಿಗೆ ಸೇರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾಜಿ ಸೈನಿಕರೇ ಆಗಿದ್ದರು. ತರಗತಿಯಲ್ಲಿ ಕುಳಿತವರು ಹದಿಹರೆಯದ ಹುಡುಗರಲ್ಲ, ಸಾವು ನೋವುಗಳನ್ನು ಕಣ್ಣಾರೆ ಕಂಡು ಬಂದವರು. ಹಾರ್ವರ್ಡ್ ಕಾನೂನು ಶಾಲೆಗೆ ಎರ್ವಿನ್ ಗ್ರಿಸ್ವಾಲ್ಡ್ ಡೀನ್ ಆಗಿ ಬಂದದ್ದೂ 1946ರಲ್ಲೇ. ಆಗಿನ್ನೂ ಆ ಶಾಲೆಯಲ್ಲಿ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಮೊದಲ ವಿದ್ಯಾರ್ಥಿನಿಯರು ಒಳಗೆ ಕಾಲಿಟ್ಟಿದ್ದು 1950ರಲ್ಲಿ.

'ಲಾ ರಿವ್ಯೂ' ಬೇರೆ, 'ಲಾ ರೆಕಾರ್ಡ್' ಬೇರೆ

ಹಾರ್ವರ್ಡ್ ಎಂದಾಕ್ಷಣ ಹೆಚ್ಚಿನವರಿಗೆ ನೆನಪಾಗುವುದು 1887ರಲ್ಲಿ ಶುರುವಾದ 'ಹಾರ್ವರ್ಡ್ ಲಾ ರಿವ್ಯೂ'. ಬರಾಕ್ ಒಬಾಮ 1990ರಲ್ಲಿ ಅದರ ಮೊದಲ ಕಪ್ಪುವರ್ಣೀಯ ಅಧ್ಯಕ್ಷರಾಗಿ ಆಯ್ಕೆಯಾಗಿದ್ದರು. ಎರಡನ್ನೂ ನಡೆಸುವುದು ವಿದ್ಯಾರ್ಥಿಗಳೇ. ಆದರೆ ಎರಡರ ಕೆಲಸ ಬೇರೆ ಬೇರೆ.

ಲಾ ರಿವ್ಯೂ ವಿದ್ವತ್ ಪತ್ರಿಕೆ. ಪ್ರಾಧ್ಯಾಪಕರ ಸಂಶೋಧನಾ ಲೇಖನಗಳು, ತೀರ್ಪುಗಳ ವಿಶ್ಲೇಷಣೆ, ಪುಟದ ಕೆಳಗೆ ಉದ್ದುದ್ದ ಅಡಿಟಿಪ್ಪಣಿ ಅದರಲ್ಲಿರುತ್ತವೆ. ಅದರಲ್ಲಿ ಸ್ಥಾನ ಪಡೆದ ವಿದ್ಯಾರ್ಥಿಗೆ ಮುಂದೆ ದೊಡ್ಡ ಕೆಲಸದ ಬಾಗಿಲು ತೆರೆಯುತ್ತದೆ.

ಲಾ ರೆಕಾರ್ಡ್ ಸುದ್ದಿ ಪತ್ರಿಕೆ. ಶುಲ್ಕ ಏರಿತೇ, ಯಾವ ಪ್ರಾಧ್ಯಾಪಕರ ನೇಮಕವಾಯಿತು, ಆಡಳಿತ ಮಂಡಳಿ ಏನು ನಿರ್ಧರಿಸಿತು, ವಿದ್ಯಾರ್ಥಿಗಳು ಯಾಕೆ ಪ್ರತಿಭಟಿಸುತ್ತಿದ್ದಾರೆ ಎಂಬಂಥ ಪ್ರಶ್ನೆಗಳು ಇಂಥ ಪತ್ರಿಕೆಯ ವ್ಯಾಪ್ತಿಗೆ ಬರುತ್ತವೆ. ಸರಳವಾಗಿ ಹೇಳುವುದಾದರೆ, ಲಾ ರಿವ್ಯೂ ಕಣ್ಣು ನ್ಯಾಯಾಲಯಗಳ ಮೇಲಿದ್ದರೆ ಲಾ ರೆಕಾರ್ಡ್ ಕಣ್ಣು ತನ್ನದೇ ಶಾಲೆಯ ಮೇಲಿರುತ್ತದೆ. ನ್ಯಾಯದ ಬಗ್ಗೆ ಪಾಠ ಮಾಡುವ ಸಂಸ್ಥೆ ತಾನು ನ್ಯಾಯವಾಗಿ ನಡೆದುಕೊಳ್ಳುತ್ತಿದೆಯೇ ಎಂದು ಕೇಳುವವರು ಯಾರಾದರೂ ಬೇಕಲ್ಲ?

ನೇಡರ್ ತಂದ ತಿರುವು

ಲೆಬನಾನ್‌ನಿಂದ ವಲಸೆ ಬಂದ ದಂಪತಿಯ ಮಗನಾದ ನೇಡರ್, 1955ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಹಾರ್ವರ್ಡ್ ಸೇರಿದರು. ಅಲ್ಲಿನ ಪಾಠ ಅವರಿಗೆ ಹಿಡಿಸಲಿಲ್ಲ. ದೊಡ್ಡ ಕಂಪನಿಗಳಿಗೆ ವಕೀಲರನ್ನು ತಯಾರು ಮಾಡುವುದೇ ಶಾಲೆಯ ಕೆಲಸವಾಗಿದೆ ಎಂಬುದು ಅವರ ತಕರಾರು. ಅವರು ಲಾ ರೆಕಾರ್ಡ್ ಕಡೆಗೆ ತಿರುಗಿದರು, ಅದರ ಸಂಪಾದಕರೂ ಆದರು.

1956ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅಮೆರಿಕದ ಮೂಲನಿವಾಸಿಗಳ ದುಃಸ್ಥಿತಿಯ ಬಗ್ಗೆ ಅವರು ಬರೆದ ದೀರ್ಘ ಲೇಖನ ಪತ್ರಿಕೆಯಲ್ಲಿ ಬಂತು. ಮೂಲನಿವಾಸಿ ಬುಡಕಟ್ಟುಗಳಿಗಿದ್ದ ವಿಶೇಷ ಸ್ಥಾನಮಾನವನ್ನು ಒಂದೊಂದಾಗಿ ರದ್ದು ಮಾಡುವ ನೀತಿಯನ್ನು ಅಮೆರಿಕ ಸರ್ಕಾರ ಅನುಸರಿಸುತ್ತಿದ್ದ ದಿನಗಳವು.

ಆಮೇಲೆ ಬಂದದ್ದು ಕಾರಿನ ವಿಷಯ. ಅಂದು ಅಮೆರಿಕದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಮಂದಿ ರಸ್ತೆ ಅಪಘಾತಗಳಲ್ಲಿ ಸಾಯುತ್ತಿದ್ದರು. ಅಪಘಾತವಾದರೆ ಚಾಲಕನದ್ದೇ ತಪ್ಪು ಎಂಬುದು ಸಾಮಾನ್ಯ ನಂಬಿಕೆ. ಪೊಲೀಸರು ಹೇಳುತ್ತಿದ್ದದ್ದೂ ಅದನ್ನೇ, ಕಾರು ಕಂಪನಿಗಳಿಗೆ ಬೇಕಾಗಿದ್ದದ್ದೂ ಅದೇ. ನೇಡರ್ ಪ್ರಶ್ನೆಯನ್ನೇ ತಿರುಗಿಸಿದರು. ಕಾರು ಏನಕ್ಕಾದರೂ ಡಿಕ್ಕಿ ಹೊಡೆಯುವುದು ಒಂದು ಘಟನೆ. ಒಳಗಿದ್ದವರು ಸ್ಟೀರಿಂಗ್‌ಗೋ ಡ್ಯಾಶ್‌ಬೋರ್ಡ್‌ಗೋ ಅಪ್ಪಳಿಸುವುದು ಇನ್ನೊಂದು ಘಟನೆ. ಜೀವ ಹೋಗುವುದು ಬಹುತೇಕ ಎರಡನೆಯದರಲ್ಲಿ. ಮೊದಲನೆಯದಕ್ಕೆ ಚಾಲಕ ಹೊಣೆ ಎನ್ನಬಹುದು, ಎರಡನೆಯದಕ್ಕೆ ಕಾರು ತಯಾರಿಸಿದವರೂ ಹೊಣೆ ಹೊರಬೇಡವೇ?

ಇದು ಎಂಜಿನಿಯರಿಂಗ್ ಪ್ರಶ್ನೆಯಷ್ಟೇ ಅಲ್ಲ, ಹೊಣೆಗಾರಿಕೆಯ ಪ್ರಶ್ನೆ. ಅಂದರೆ ಕಾನೂನಿನ ಪ್ರಶ್ನೆ. ಹಾಗಾಗಿಯೇ ಕಾನೂನು ಶಾಲೆಯ ಪತ್ರಿಕೆ ಇದಕ್ಕೆ ಸರಿಯಾದ ಜಾಗವಾಗಿತ್ತು.

1959ರ ಏಪ್ರಿಲ್‌ನಲ್ಲಿ ಇದೇ ವಿಷಯದ ಮೇಲೆ ನೇಡರ್ ಬರೆದ ಲೇಖನ 'ದಿ ನೇಷನ್' ವಾರಪತ್ರಿಕೆಯಲ್ಲಿ ಬಂತು. 1965ರ ನವೆಂಬರ್‌ನಲ್ಲಿ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕ ಹೊರಬಂತು. ಅದರ ಮೊದಲ ಅಧ್ಯಾಯವೇ ಜನರಲ್ ಮೋಟರ್ಸ್ ಕಂಪನಿಯ 'ಕೊರ್ವೇರ್' ಕಾರಿನ ಬಗ್ಗೆ. ಕಂಪನಿ ಖಾಸಗಿ ಪತ್ತೇದಾರರನ್ನು ಬಿಟ್ಟು ನೇಡರ್ ಖಾಸಗಿ ಬದುಕನ್ನು ಕೆದಕಿಸಿತು. ಸುದ್ದಿ ಬಯಲಾದಾಗ, 1966ರ ಮಾರ್ಚ್‌ನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಷ್ ಸೆನೆಟ್ ಉಪಸಮಿತಿಯ ಮುಂದೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಖಾಸಗಿತನದ ಉಲ್ಲಂಘನೆಗಾಗಿ ನೇಡರ್ ಹೂಡಿದ ಮೊಕದ್ದಮೆ 1970ರಲ್ಲಿ 4.25 ಲಕ್ಷ ಡಾಲರ್ ಪರಿಹಾರದೊಂದಿಗೆ ರಾಜಿಯಾಯಿತು.

1968ರಿಂದ ಅಮೆರಿಕದ ಹೊಸ ಕಾರುಗಳಲ್ಲಿ ಸೀಟ್ ಬೆಲ್ಟ್ ಅಳವಡಿಕೆ ಕಡ್ಡಾಯವಾಯಿತು. ಇಂದು ಭಾರತದಲ್ಲಿ ಕಾರು ಕೊಳ್ಳುವ ಮುನ್ನ ಅದರ ಸುರಕ್ಷತಾ ಸ್ಟಾರ್ ರೇಟಿಂಗ್ ನೋಡುತ್ತೇವಲ್ಲ, ಅದರ ಹಿಂದಿರುವುದೂ ಇದೇ ಪ್ರಶ್ನೆ: ಪ್ರಯಾಣಿಕರನ್ನು ಉಳಿಸುವ ಹೊಣೆ ಕಾರಿಗೂ ಇದೆಯೇ?

'ಸ್ವತಂತ್ರ' ಎಂದರೆ ಏನರ್ಥ?

ಎಲ್ಲ ಕಾಲೇಜು ಪತ್ರಿಕೆಗಳೂ ಸ್ವತಂತ್ರವಲ್ಲ. ಹಲವು ಪತ್ರಿಕೆಗಳಿಗೆ ಹಣ ಕೊಡುವುದು ಕಾಲೇಜು, ಸಲಹೆಗಾರರಾಗಿ ಕೂರುವುದು ಪ್ರಾಧ್ಯಾಪಕರು, ಅಚ್ಚಿಗೆ ಹೋಗುವ ಮುನ್ನ ಪುಟ ನೋಡುವುದು ಪ್ರಾಂಶುಪಾಲರು. ಒಂದು ಪತ್ರಿಕೆ ನಿಜಕ್ಕೂ ಸ್ವತಂತ್ರವೇ ಎಂದು ತಿಳಿಯಲು ಮೂರು ಪ್ರಶ್ನೆ ಕೇಳಿದರೆ ಸಾಕು.

1. ಮುದ್ರಣದ ಖರ್ಚು ಕೊಡುವವರು ಯಾರು?
2. ಸಂಪಾದಕರನ್ನು ಆರಿಸುವವರು ಮತ್ತು ತೆಗೆದುಹಾಕುವವರು ಯಾರು?
3. ಪ್ರಕಟಣೆಗೆ ಮುನ್ನ ಬರಹವನ್ನು ಓದಿ ತಡೆಯುವ ಅಧಿಕಾರ ಯಾರಿಗಿದೆ?

ಮೂರಕ್ಕೂ 'ವಿದ್ಯಾರ್ಥಿಗಳಿಗೆ' ಎಂಬ ಉತ್ತರ ಬಂದರೆ ಅದು ಸ್ವತಂತ್ರ ಪತ್ರಿಕೆ. ಒಂದಕ್ಕೆ 'ಆಡಳಿತಕ್ಕೆ' ಎಂಬ ಉತ್ತರ ಬಂದರೂ ಅಷ್ಟರಮಟ್ಟಿಗೆ ಸ್ವಾತಂತ್ರ್ಯ ಕಡಿಮೆ. ಹಣದ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಂಪಾದಕರನ್ನು ವಜಾ ಮಾಡಿದರೆ ಗದ್ದಲವಾಗುತ್ತದೆ, ಅನುದಾನ ನಿಲ್ಲಿಸಿದರೆ ಪತ್ರಿಕೆ ಸದ್ದಿಲ್ಲದೆ ಮುಚ್ಚುತ್ತದೆ.

ಕೋರ್ಟ್‌ಗಳು ಏನು ಹೇಳಿವೆ?

ಅಮೆರಿಕ ಸಂವಿಧಾನದ ಮೊದಲನೇ ತಿದ್ದುಪಡಿ ಅಭಿವ್ಯಕ್ತಿ ಸ್ವಾತಂತ್ರ್ಯ ಮತ್ತು ಪತ್ರಿಕಾ ಸ್ವಾತಂತ್ರ್ಯವನ್ನು ರಕ್ಷಿಸುತ್ತದೆ. ಆದರೆ ಅದು ಕಟ್ಟಿಹಾಕುವುದು ಸರ್ಕಾರವನ್ನು. ಹಾಗಾಗಿ ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇದರ ರಕ್ಷಣೆ ಸಿಗುತ್ತದೆ. ಈ ಕುರಿತ ಮೂರು ಪ್ರಕರಣಗಳು ಮುಖ್ಯ.

ಮೊದಲನೆಯದು ಮಿಸೌರಿ ವಿಶ್ವವಿದ್ಯಾಲಯದ್ದು. ಆಕ್ಷೇಪಾರ್ಹ ವ್ಯಂಗ್ಯಚಿತ್ರ ಮತ್ತು ಶೀರ್ಷಿಕೆಯಿದ್ದ ಪತ್ರಿಕೆಯನ್ನು ಕ್ಯಾಂಪಸ್‌ನಲ್ಲಿ ಹಂಚಿದ್ದಕ್ಕೆ ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿನಿಯನ್ನು ಹೊರಹಾಕಲಾಗಿತ್ತು. 1973ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ಪರ ತೀರ್ಪು ನೀಡಿತು. ಅಭಿಪ್ರಾಯ ಎಷ್ಟೇ ಅಸಹ್ಯವೆನಿಸಲಿ, ಸಭ್ಯತೆಯ ಹೆಸರಲ್ಲಿ ಅದನ್ನು ಹತ್ತಿಕ್ಕುವಂತಿಲ್ಲ ಎಂಬುದು ತೀರ್ಪಿನ ಸಾರ.

ಎರಡನೆಯದು ವರ್ಜೀನಿಯಾ ವಿಶ್ವವಿದ್ಯಾಲಯದ್ದು. ವಿದ್ಯಾರ್ಥಿಗಳ ಪತ್ರಿಕೆಗಳಿಗೆ ಮುದ್ರಣ ವೆಚ್ಚ ಕೊಡುತ್ತಿದ್ದ ವಿಶ್ವವಿದ್ಯಾಲಯ, ಕ್ರೈಸ್ತ ದೃಷ್ಟಿಕೋನದ ಪತ್ರಿಕೆಯೊಂದಕ್ಕೆ ಮಾತ್ರ ನಿರಾಕರಿಸಿತ್ತು. ಉಳಿದವರಿಗೆ ಕೊಟ್ಟು, ದೃಷ್ಟಿಕೋನದ ಕಾರಣಕ್ಕೆ ಒಬ್ಬರಿಗೆ ಇಲ್ಲ ಎನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ 5-4 ಬಹುಮತದಿಂದ ಹೇಳಿತು.

ಮೂರನೆಯದು ವಿದ್ಯಾರ್ಥಿಗಳು ಸೋತ ಪ್ರಕರಣ. ಇಲಿನಾಯ್ ರಾಜ್ಯದ ಗವರ್ನರ್ಸ್ ಸ್ಟೇಟ್ ವಿಶ್ವವಿದ್ಯಾಲಯದ ಪತ್ರಿಕೆ 'ಇನ್ನೊವೇಟರ್' ಆಡಳಿತವನ್ನು ಟೀಕಿಸಿತ್ತು. 2000ನೇ ಇಸವಿಯಲ್ಲಿ ಡೀನ್ ಒಬ್ಬರು ಮುದ್ರಣಾಲಯಕ್ಕೇ ಫೋನ್ ಮಾಡಿ, ತಾವು ನೋಡಿ ಒಪ್ಪುವ ತನಕ ಅಚ್ಚು ಹಾಕಬೇಡಿ ಎಂದರು. ಸಂಪಾದಕಿಯರು ಕೋರ್ಟ್ ಮೆಟ್ಟಿಲೇರಿದರು. ಆದರೆ 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಡೀನ್ ಪರವಾಗಿ ನಿಂತಿತು. ಹೈಸ್ಕೂಲ್ ಪತ್ರಿಕೆಗಳನ್ನು ನಿಯಂತ್ರಿಸಲು ಅನುಮತಿ ಕೊಟ್ಟಿದ್ದ 1988ರ ಸುಪ್ರೀಂ ಕೋರ್ಟ್ ತೀರ್ಪಿನ ತರ್ಕ ಕಾಲೇಜಿಗೂ ಅನ್ವಯವಾಗಬಹುದು ಎಂದಿತು. 2006ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಕೊನೆಗೆ ಇಲಿನಾಯ್ ಶಾಸನಸಭೆಯೇ 2007ರಲ್ಲಿ ಕಾನೂನು ತಂದು, ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿ ಪತ್ರಿಕೆಗಳನ್ನು ಪ್ರಕಟಣೆಗೆ ಮುನ್ನ ಅಧಿಕಾರಿಗಳು ಪರಿಶೀಲಿಸುವುದನ್ನು ತಡೆಯಿತು.

ಹಾರ್ವರ್ಡ್‌ಗೆ ಇದು ಅನ್ವಯವಾಗುತ್ತದೆಯೇ?

ಇಲ್ಲೇ ಇರುವುದು ಅಚ್ಚರಿ. ಹಾರ್ವರ್ಡ್ ಖಾಸಗಿ ವಿಶ್ವವಿದ್ಯಾಲಯ. ಮೊದಲನೇ ತಿದ್ದುಪಡಿ ಅದನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಸಂವಿಧಾನ ಕಲಿಸುವ ಶಾಲೆಯ ವಿದ್ಯಾರ್ಥಿಗಳು ತಮ್ಮ ಶಾಲೆಯ ಆಡಳಿತದ ವಿರುದ್ಧ ಅದೇ ಸಂವಿಧಾನವನ್ನು ಗುರಾಣಿಯಾಗಿ ಹಿಡಿಯಲಾರರು. ಖಾಸಗಿ ಕ್ಯಾಂಪಸ್‌ನ ಪತ್ರಿಕೆಗೆ ಉಳಿಯುವ ರಕ್ಷಣೆ ಎರಡು: ಶಾಲೆಯಿಂದ ಪ್ರತ್ಯೇಕವಾದ ಸಂಸ್ಥೆಯಾಗಿ ತನ್ನ ಕಾಲ ಮೇಲೆ ನಿಲ್ಲುವುದು ಮತ್ತು 'ವಿದ್ಯಾರ್ಥಿ ಪತ್ರಿಕೆಯ ಮೇಲೆ ಕೈ ಹಾಕುವುದು ಮರ್ಯಾದೆಯಲ್ಲ' ಎಂಬ ಸಂಪ್ರದಾಯ ಬೇರೂರುವಂತೆ ನೋಡಿಕೊಳ್ಳುವುದು.

ಅಂಥ ಪತ್ರಿಕೆಯ ಅಗತ್ಯ ಎಷ್ಟಿದೆ ಎಂಬುದನ್ನು ಹಾರ್ವರ್ಡ್ ಕಾನೂನು ಶಾಲೆಯ ಇತ್ತೀಚಿನ ದಶಕಗಳೇ ಹೇಳುತ್ತವೆ. ಅಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಕಪ್ಪುವರ್ಣೀಯ ಪ್ರಾಧ್ಯಾಪಕ ಡೆರಿಕ್ ಬೆಲ್, ಕಪ್ಪುವರ್ಣೀಯ ಮಹಿಳೆಯೊಬ್ಬರನ್ನು ಕಾಯಂ ಆಗಿ ನೇಮಿಸುವ ತನಕ ಸಂಬಳವಿಲ್ಲದ ರಜೆಯಲ್ಲಿರುವುದಾಗಿ 1990ರಲ್ಲಿ ಘೋಷಿಸಿದರು. ಆ ನೇಮಕ ಆದದ್ದು 1998ರಲ್ಲಿ, ಲಾನಿ ಗಿನಿಯರ್ ಅವರ ಮೂಲಕ. ಶಾಲೆಯ ಲಾಂಛನದಲ್ಲಿದ್ದ ಗೋಧಿ ತೆನೆಗಳ ಮೂರು ಕಂತೆಗಳು ಗುಲಾಮರನ್ನು ದುಡಿಸಿಕೊಂಡು ಸಿರಿವಂತವಾದ ರಾಯಲ್ ಕುಟುಂಬದ ಗುರುತು ಎಂದು ವಿದ್ಯಾರ್ಥಿಗಳು ಹೋರಾಟ ನಡೆಸಿದರು. 2016ರ ಮಾರ್ಚ್‌ನಲ್ಲಿ ಆ ಲಾಂಛನವನ್ನು ಕೈಬಿಡಲಾಯಿತು.

2017ರಲ್ಲಿ ಶಾಲೆ ತನ್ನ 200ನೇ ವರ್ಷ ಆಚರಿಸುತ್ತಿದ್ದಾಗ, ವಿದ್ಯಾರ್ಥಿ ಪೀಟ್ ಡೇವಿಸ್ ಬರೆದ ಸುದೀರ್ಘ ವರದಿಯನ್ನು ಲಾ ರೆಕಾರ್ಡ್ ಪ್ರಕಟಿಸಿತು. ಶಾಲೆ ತನ್ನ ಧ್ಯೇಯವಾಕ್ಯದಲ್ಲಿ ನ್ಯಾಯ, ಸಮಾಜದ ಒಳಿತು ಎನ್ನುತ್ತದೆ. ಆದರೆ ಪದವೀಧರರಲ್ಲಿ ಹೆಚ್ಚಿನವರು ಕಂಪನಿಗಳ ಪರ ಕೆಲಸ ಮಾಡುವ ವಕೀಲಿ ಸಂಸ್ಥೆಗಳಿಗೆ ಹೋಗುತ್ತಾರೆ, ಏಕೆ ಎಂಬುದು ವರದಿಯ ಪ್ರಶ್ನೆ. 60 ವರ್ಷ ಹಿಂದೆ ನೇಡರ್ ಎತ್ತಿದ್ದ ತಕರಾರು ಇದೇ ಆಗಿತ್ತು.

ಭಾರತದಲ್ಲಿ ಪರಿಸ್ಥಿತಿ ಏನು?

ಭಾರತದ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಎಂಬ ಪ್ರತ್ಯೇಕ ಪದವಿಲ್ಲ. 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲೇ ಅದು ಅಡಕವಾಗಿದೆ ಎಂದು ಸುಪ್ರೀಂ ಕೋರ್ಟ್ ವ್ಯಾಖ್ಯಾನಿಸಿದೆ. 19(2)ನೇ ವಿಧಿಯ ನಿರ್ಬಂಧಗಳೂ ಅದಕ್ಕೆ ಅನ್ವಯಿಸುತ್ತವೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿ ದೇಶದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಶಾಸನದ ಮೂಲಕ ಸ್ಥಾಪನೆಯಾದವು. ಬೆಂಗಳೂರಿನ ಶಾಲೆಗೆ ಆಧಾರ ಕರ್ನಾಟಕದ 1986ರ ಕಾಯ್ದೆ. ಇಂಥ ಸಂಸ್ಥೆ ವಿದ್ಯಾರ್ಥಿಯ ಮೂಲಭೂತ ಹಕ್ಕಿಗೆ ಧಕ್ಕೆ ತಂದರೆ ಹೈಕೋರ್ಟ್‌ಗೆ ರಿಟ್ ಅರ್ಜಿ ಸಲ್ಲಿಸುವ ದಾರಿ ಇದೆ. ಖಾಸಗಿ ಕಾಲೇಜುಗಳಲ್ಲಿ ಆ ದಾರಿ ಅಷ್ಟು ಸಲೀಸಲ್ಲ.

ಸುದ್ದಿ ನಿಯತಕಾಲಿಕವೊಂದನ್ನು ಅಚ್ಚು ಹಾಕಿ ಹೊರತರಲು ನೋಂದಣಿಯೂ ಬೇಕು. ಬ್ರಿಟಿಷರ ಕಾಲದ 1867ರ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದ್ದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ.

ಆದರೆ ಕಾನೂನಿಗಿಂತ ಮೊದಲು ಎದುರಾಗುವುದು ಹಾಜರಾತಿ, ಆಂತರಿಕ ಅಂಕ, ಹಾಸ್ಟೆಲ್ ಸೀಟು. ಇವೆಲ್ಲ ಆಡಳಿತದ ಕೈಯಲ್ಲಿರುವಾಗ ಅದೇ ಆಡಳಿತದ ಬಗ್ಗೆ ಬರೆಯುವುದು ಸುಲಭವಲ್ಲ. ಮುದ್ರಣದ ಖರ್ಚಿಲ್ಲದ ಆನ್‌ಲೈನ್ ಕಾಲದಲ್ಲಿ ಮೊದಲ ಪ್ರಶ್ನೆ ಸ್ವಲ್ಪ ಹಗುರವಾಗಿರಬಹುದು. ಉಳಿದೆರಡು ಹಾಗೆಯೇ ಇವೆ: ಸಂಪಾದಕರನ್ನು ಆರಿಸುವವರು ಯಾರು, ಪ್ರಕಟಣೆಗೆ ಮುನ್ನ ತಡೆಯುವವರು ಯಾರು? ನಿಮ್ಮ ಕಾಲೇಜಿನ ಪತ್ರಿಕೆ ಎಷ್ಟು ಸ್ವತಂತ್ರ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.